ಬಂಡೆ ಹತ್ತುವ ಕಾರು, ಬೀದಿಯಿಂದ ಬಂದ ನಾಯಿ

ಎಲ್ಲರಿಗೂ ನಮಸ್ಕಾರ.

ರಿಮೋಟ್ ಕಾರು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಓಟ. ಗುಂಡಿ ಒತ್ತಿದರೆ ಸರ್ರನೆ ಹೋಗಿ ಗೋಡೆಗೆ ಬಡಿಯುವ ಮಕ್ಕಳ ಆಟಿಕೆ. ಇವತ್ತು ನಾನು ಹೇಳಹೊರಟಿರುವ ಕಾರು ಬೇರೆ ಜಾತಿಯದು. ಬಂಡೆಯ ಮೇಲೆ ಅದು ನಡೆಯುವ ಮನುಷ್ಯನನ್ನು ಹಿಂದೆ ಹಾಕುವುದೇ ಅಪರೂಪ. ಮೊಣಕಾಲೆತ್ತರದ ಒಂದು ಕಲ್ಲನ್ನು ಹತ್ತಲು ಕೆಲವೊಮ್ಮೆ ಕಾಲು ಗಂಟೆ ಹಿಡಿಯುತ್ತದೆ. ಇದಕ್ಕೆ ರಾಕ್ ಕ್ರಾಲರ್ ಎಂದು ಹೆಸರು.

ಸಂಘಟಕರು ಈ ಹವ್ಯಾಸದ ಬಗ್ಗೆಯಾದರೂ ಮಾತನಾಡಿ, ಇಲ್ಲವೇ ನಿಮ್ಮ ನಾಯಿಗಳ ಬಗ್ಗೆಯಾದರೂ ಮಾತನಾಡಿ ಎಂದಿದ್ದರು. ನನ್ನ ಬದುಕಿನಲ್ಲಿ ಇವೆರಡನ್ನೂ ಬಿಡಿಸಿ ಇಡಲು ಆಗುವುದಿಲ್ಲ. ಬೀದಿಯಲ್ಲಿ ಏಟು ತಿಂದು ಬೆಳೆದ ನಾಯಿಯನ್ನು ಜೊತೆಗಿಟ್ಟುಕೊಂಡು ಮಾಡಬಹುದಾದ ಹವ್ಯಾಸಗಳು ತೀರಾ ಕಡಿಮೆ. ಪಟಾಕಿಯಂಥ ಸದ್ದು, ಜನರ ಗುಂಪು, ಅವಸರ, ಇವು ಯಾವುವೂ ಅದಕ್ಕೆ ಆಗಿಬರುವುದಿಲ್ಲ. ನಾಯಿಯ ಹೆಜ್ಜೆಗೆ ಕಾರನ್ನು ಹೊಂದಿಸಲು ನಾವು ಮನಸ್ಸು ಮಾಡಿದರೆ ಬಂಡೆ ಹತ್ತುವ ಈ ಆಟ ಅಂಥ ನಾಯಿಗೂ ಒಗ್ಗುತ್ತದೆ. ನನ್ನ ಇಡೀ ಮಾತು ಇಷ್ಟರ ಸುತ್ತಲೇ ಇರುತ್ತದೆ.

ಮೊದಲು ಯಂತ್ರವನ್ನು ನೋಡೋಣ. ಈ ಆಟದ ಬೇರು ಅಮೆರಿಕದಲ್ಲಿದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ನಡುವೆ ರೂಬಿಕಾನ್ ಎಂಬ ಕಲ್ಲುದಾರಿಯಿದೆ. 1953ರಿಂದಲೂ ಜನ ಗುಂಪುಕಟ್ಟಿಕೊಂಡು ಅಲ್ಲಿಗೆ ಜೀಪು ಹತ್ತಿಸಲು ಹೋಗುತ್ತಾರೆ. ಆ ಜೀಪುಗಳ ಹತ್ತನೇ ಒಂದು ಅಳತೆಯ ಪ್ರತಿರೂಪವೇ ನಮ್ಮ ಕ್ರಾಲರ್. ಆರಂಭದಲ್ಲಿ ಇಂಥ ಕಾರು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಜಪಾನಿನ ತಮಿಯಾ ಕಂಪನಿ 1987ರಲ್ಲಿ ತಂದ ಕ್ಲಾಡ್ ಬಸ್ಟರ್ ಎಂಬ ದೈತ್ಯ ಆಟಿಕೆ ಟ್ರಕ್ಕಿನ ಚಕ್ರದ ಅಚ್ಚುಗಳನ್ನು, ಅಂದರೆ ಆಕ್ಸಲ್‌ಗಳನ್ನು ಬಿಚ್ಚಿ, ಹವ್ಯಾಸಿಗಳು ತಾವೇ ಚೌಕಟ್ಟು ಕಟ್ಟಿಕೊಳ್ಳುತ್ತಿದ್ದರು. ಬಳಿಕ ಆಕ್ಸಿಯಲ್‌ನಂಥ ಕಂಪನಿಗಳು ಕ್ರಾಲರ್‌ಗಳನ್ನೇ ತಯಾರಿಸತೊಡಗಿದವು. 2017ರಲ್ಲಿ ಟ್ರಾಕ್ಸಾಸ್ ಕಂಪನಿಯ ಟಿಆರ್‌ಎಕ್ಸ್-4 ಬಂದಾಗ ಪೋರ್ಟಲ್ ಆಕ್ಸಲ್ ಸಾಮಾನ್ಯರ ಕೈಗೂ ಸಿಕ್ಕಿತು. ಚಕ್ರದ ಬಳಿಯೇ ಒಂದು ಜೊತೆ ಗೇರು ಕೂರಿಸಿ ಆಕ್ಸಲ್ಲನ್ನು ಚಕ್ರದ ನಡುಬಿಂದುವಿಗಿಂತ ಮೇಲಕ್ಕೆತ್ತುವ ಈ ಉಪಾಯ ಜರ್ಮನಿಯ ಯೂನಿಮಾಗ್ ಟ್ರಕ್ಕುಗಳಲ್ಲಿ ಬಹಳ ಹಿಂದೆಯೇ ಇತ್ತು. ಹೊಟ್ಟೆ ಕಲ್ಲಿಗೆ ತಾಗದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಇನ್ನರ್ಧ ಕೆಲಸ ಚಕ್ರಗಳದ್ದು. ರಸ್ತೆಯ ಕಾರಿನಲ್ಲಿ ಎಡಬಲದ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರುಜೋಡಣೆ ಇರುತ್ತದೆ. ತಿರುವಿನಲ್ಲಿ ಒಳಚಕ್ರ ನಿಧಾನವಾಗಿ, ಹೊರಚಕ್ರ ಬೇಗ ತಿರುಗಬೇಕು. ಬಂಡೆಯ ಮೇಲೆ ಅದೇ ಶತ್ರು. ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಅದೊಂದೇ ಗಿರಗಿರನೆ ಸುತ್ತುತ್ತದೆ, ನೆಲ ಹಿಡಿದಿರುವ ಚಕ್ರ ಸುಮ್ಮನಿರುತ್ತದೆ. ಆದ್ದರಿಂದ ಕ್ರಾಲರ್‌ನಲ್ಲಿ ಎಡಬಲದ ಚಕ್ರಗಳನ್ನು ಬಿಗಿಯಾಗಿ ಜೋಡಿಸಿರುತ್ತಾರೆ. ಟೈರಿನೊಳಗೆ ಒತ್ತಡದ ಗಾಳಿಯಿಲ್ಲ, ಮೃದುವಾದ ಫೋಮ್ ಇದೆ. ರಬ್ಬರು ಎಷ್ಟು ಮೆತ್ತಗಿರುತ್ತದೆಂದರೆ ಹೆಬ್ಬೆರಳಿನಿಂದ ಒತ್ತಿದರೆ ಕಲ್ಲಿನ ಮೂಲೆ ಒತ್ತಿದಂತೆಯೇ ತಗ್ಗುತ್ತದೆ. ಮುಂದಿನ ಆಕ್ಸಲ್‌ಗೆ ಹಿತ್ತಾಳೆಯ ತುಂಡುಗಳನ್ನು ಬಿಗಿಯುತ್ತೇವೆ, ಏಕೆಂದರೆ ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಜಾರಿ ಮೂತಿ ಮೇಲೇಳುತ್ತದೆ. ಮೋಟಾರಿನಲ್ಲಿ ತಂತಿಯ ಸುತ್ತು ಹೆಚ್ಚಿದಷ್ಟೂ ವೇಗ ಕಡಿಮೆ, ಹತೋಟಿ ಹೆಚ್ಚು. 55 ಸುತ್ತಿನ ಮೋಟಾರು 35 ಸುತ್ತಿನದಕ್ಕಿಂತ ತಾಳ್ಮೆಯದು. ಬೆರಳು ತೆಗೆದರೆ ಮೋಟಾರೇ ಬ್ರೇಕು ಹಿಡಿಯುತ್ತದೆ, ಕಡಿದಾದ ಇಳಿಜಾರಿನಲ್ಲೂ ಕಾರು ನಿಂತಲ್ಲೇ ನಿಲ್ಲುತ್ತದೆ. ಸ್ಪರ್ಧೆಗಳಲ್ಲೂ ಮುಖ್ಯವಾಗುವುದು ಈ ನಿಖರತೆಯೇ. ಜೋಡಿ ಗೂಟಗಳ ನಡುವೆ ದಾಟಬೇಕು. ಗೂಟ ತಾಗಿದರೆ ದಂಡ, ಹಿಂದಕ್ಕೆ ಬಂದರೆ ದಂಡ, ಮಗುಚಿದ ಕಾರನ್ನು ಕೈಯಿಂದ ಎತ್ತಿದರೂ ದಂಡ. ದಂಡವೆಂದರೆ ಅಂಕ ಕೂಡುವುದು, ಆದ್ದರಿಂದ ಕಡಿಮೆ ಅಂಕ ಗಳಿಸಿದವನೇ ಗೆಲ್ಲುತ್ತಾನೆ.

ಇಷ್ಟೆಲ್ಲ ಅಮೆರಿಕದ್ದಾದರೂ ಕಲ್ಲಿನ ವಿಷಯದಲ್ಲಿ ನಾವು ಅದೃಷ್ಟವಂತರು. ರಾಮನಗರದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟಿನವು. ಊರಿನ ಹಳೆಯ ಹೆಸರೇ ಶಿಲೆಗೂ ಉಳಿದುಕೊಂಡಿದೆ. ಸುಮಾರು 250 ಕೋಟಿ ವರ್ಷ ಹಳೆಯ ಈ ಕಲ್ಲಿನ ಪಟ್ಟಿ ತೆಂಕಣದಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿದೆ. ಹತ್ತಿರದಿಂದ ನೋಡಿದರೆ ಅದರಲ್ಲಿ ಗುಲಾಬಿ ಬಣ್ಣದ ದೊಡ್ಡ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಸುತ್ತಲಿನ ಕಲ್ಲು ಮೊದಲು ಸವೆದು ಈ ಹರಳುಗಳ ಅಂಚು ತುಸುವೇ ಹೊರಗೆ ಉಳಿಯುತ್ತದೆ. ಕ್ರಾಲರ್‌ನ ಟೈರಿನ ಹಲ್ಲು ಆ ಅಂಚಿಗೆ ಸಿಕ್ಕಿ, ಒಂದು ಕ್ಷಣ ತಡೆದು, ಮೂರು ಕಿಲೋ ತೂಕದ ಕಾರನ್ನು ಮೇಲಕ್ಕೆಳೆಯುವುದನ್ನು ನೆಲಕ್ಕೆ ಕೆನ್ನೆ ಹಚ್ಚಿ ನೋಡಬೇಕು. ಎಲ್ಲಿಂದ ಹತ್ತಿಸಬೇಕು ಎಂಬ ಹಾದಿಗೆ ನಾವು ಲೈನ್ ಎನ್ನುತ್ತೇವೆ. ಮಳೆ ಬಿದ್ದ ಮರುದಿನ ಅದೇ ಬಂಡೆ ಜಾರುತ್ತದೆ, ನಿನ್ನೆಯ ಲೈನ್ ಇವತ್ತು ನಡೆಯುವುದಿಲ್ಲ.

ಆದರೆ ಎಲ್ಲ ಬಂಡೆಯೂ ನಮ್ಮದಲ್ಲ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅಲ್ಲಿಗೆ ಕಾರನ್ನಾಗಲಿ ನಾಯಿಯನ್ನಾಗಲಿ ಒಯ್ಯುವ ಮಾತೇ ಇಲ್ಲ. ಸ್ಮಾರಕಗಳಿರುವ ಹಂಪಿಯ ಬಂಡೆಗಳೂ ಹಾಗೆಯೇ. ಬಿಟ್ಟುಹೋದ ಕಲ್ಲುಕ್ವಾರಿಗಳನ್ನು ನಾನು ಒಪ್ಪುವುದಿಲ್ಲ. ನೀರು ತುಂಬಿದ ಆ ಹೊಂಡಗಳ ಗೋಡೆಗಳು ನೇರ, ಬಿದ್ದ ನಾಯಿಗೆ ಹತ್ತಿಬರಲು ದಾರಿಯಿಲ್ಲ. ಪರಿಚಯದ ರೈತರ ಹೊಲದ ಅಂಚಿನಲ್ಲಿ, ಅವರನ್ನು ಕೇಳಿಕೊಂಡು, ಆಡುವುದು ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿಯೂ ಬಂಡೆಯ ತುದಿಯಲ್ಲಿ ಓತಿಕ್ಯಾತವೊಂದು ಕೆಂಪು ಮೈ ತೋರುತ್ತ ಕುಳಿತಿದ್ದರೆ ಆ ಬಂಡೆ ಅದರದು. ನಾವು ಪಕ್ಕದ ಕಲ್ಲಿಗೆ ಹೋಗುತ್ತೇವೆ.

ಇನ್ನು ನಾಯಿಗಳ ವಿಷಯ. ನಮ್ಮ ಮನೆಯಲ್ಲಿ ಕೆಂಚ ಮತ್ತು ಚಿಗರಿ ಇದ್ದಾರೆ. ಕೆಂಚ ಬರುವಾಗಲೇ ದೊಡ್ಡವನು. ಅವನ ಕುತ್ತಿಗೆಯ ಸುತ್ತ ಹಗ್ಗ ಕೊರೆದ ಗಾಯದ ಗೆರೆಯಲ್ಲಿ ಈಗಲೂ ಕೂದಲು ಹುಟ್ಟುವುದಿಲ್ಲ. ಯಾರ ಕೈಯಲ್ಲಿ ಏನೇ ಇರಲಿ, ಪೊರಕೆಯೋ ಛತ್ರಿಯೋ ಮಡಚಿದ ದಿನಪತ್ರಿಕೆಯೋ, ಅವನು ಮಂಚದ ಕೆಳಗೆ ಸೇರುತ್ತಿದ್ದ. ಚಿಗರಿ ಅವನಿಗೆ ತದ್ವಿರುದ್ಧ: ಹೆಸರಿಗೆ ತಕ್ಕ ಕಾಲು, ಉರುಳುವ ಏನನ್ನು ಕಂಡರೂ ಅಟ್ಟಿಸಿಕೊಂಡು ಹೋಗುವ ಹುರುಪು.

ನಮ್ಮ ಕಾರಿನ ರಿಮೋಟ್ ಪಿಸ್ತೂಲಿನ ಆಕಾರದ್ದು. ಅದನ್ನು ಮುಂದಕ್ಕೆ ಚಾಚಿ ಹಿಡಿಯಬೇಕು. ಕೆಂಚನ ಕಣ್ಣಿಗೆ ಅದು ಎತ್ತಿದ ಕೋಲೇ. ಹಾಗಾಗಿ ಅವನಿಗೆ ಕಾರನ್ನು ತೋರಿಸುವ ಮೊದಲು ರಿಮೋಟನ್ನು ಪರಿಚಯ ಮಾಡಿಸಬೇಕಾಯಿತು. ಊಟದ ಹೊತ್ತಿನಲ್ಲಿ ಅದು ತಟ್ಟೆಯಿಂದ ದೂರದಲ್ಲಿ ನೆಲದ ಮೇಲೆ ಸುಮ್ಮನೆ ಇರುತ್ತಿತ್ತು. ವಾರಗಳು ಕಳೆದಂತೆ ಒಂದೊಂದು ಗೇಣು ಹತ್ತಿರ ಬಂತು. ಆಮೇಲೆ ಕೈಯಲ್ಲಿ ಹಿಡಿದು ಕುಳಿತುಕೊಳ್ಳುವುದು, ಹಿಡಿದು ನಿಲ್ಲುವುದು. ಕಾರಿನದೂ ಇದೇ ಕ್ರಮ: ಮೊದಲು ಬ್ಯಾಟರಿಯಿಲ್ಲದ ಕಾರು ಅಂಗಳದಲ್ಲಿ ನಿಂತಿತ್ತು, ಆಮೇಲೆ ಕೈಯಿಂದ ತಳ್ಳಿದ ಕಾರು, ಕೊನೆಗೆ ತಾನೇ ಚಲಿಸುವ ಕಾರು. ನಾಯಿ ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಕಿವಿ ಹಿಂದಕ್ಕೆ ಹೋದರೆ, ಕಣ್ಣಿನ ಬಿಳಿ ಕಂಡರೆ ಅಲ್ಲಿಗೆ ಅವತ್ತಿನ ಪಾಠ ಮುಗಿಯಿತು. ಅದು ಬಾಯಿಬಿಟ್ಟು ಗುರುಗುಟ್ಟುವ ತನಕ ಕಾಯುವವರು ಅಷ್ಟೂ ಹೊತ್ತು ಅದು ಹೇಳಿದ್ದನ್ನು ಕೇಳಿಸಿಕೊಂಡಿರುವುದಿಲ್ಲ.

ಕೇಳಿಸಿಕೊಳ್ಳುವ ಮಾತು ಬಂದದ್ದರಿಂದ ಶಬ್ದದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಹವ್ಯಾಸಿಗಳು ಇದನ್ನು ಯೋಚಿಸುವುದೇ ಕಡಿಮೆ. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ, ವಯಸ್ಸಾದಂತೆ ಅದೂ ಇಳಿಯುತ್ತದೆ. ನಾಯಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳುತ್ತದೆ. ಮೋಟಾರಿನ ವೇಗವನ್ನು ನಿಯಂತ್ರಿಸುವ ಇಎಸ್‌ಸಿ ಎಂಬ ಸಾಧನ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ನಿಧಾನದ ಓಟದಲ್ಲಿ ಕೇಳುವ ಆ ಸಣ್ಣ ಕೀರಲು ಅದರದೇ. ಕೀರಲು ಕೇಳಬಾರದೆಂದು ಕೆಲವರು ಆ ಆವರ್ತನವನ್ನು ಏರಿಸುತ್ತಾರೆ. ನಮಗೆ ಮೌನವಾಗುತ್ತದೆ, ಆದರೆ ಅದು ನಾಯಿಯ ಕಿವಿಯ ವ್ಯಾಪ್ತಿಯೊಳಗೇ ಇದೆ. ಆದ್ದರಿಂದ ಕಾರು ಸದ್ದು ಮಾಡುತ್ತಿದೆಯೇ ಎಂದು ತಿಳಿಯಲು ನಾನು ನನ್ನ ಕಿವಿಯನ್ನು ನಂಬದೆ ಕೆಂಚನ ಕಿವಿಯನ್ನು ನೋಡುತ್ತೇನೆ. ಬ್ಯಾಟರಿ ಜೋಡಿಸಿದಾಗ ಬರುವ ಬೀಪ್ ಸದ್ದು ಅವನಿಗೆ ಇಂದಿಗೂ ಇಷ್ಟವಿಲ್ಲ; ಅದನ್ನು ಅವನಿಂದ ದೂರ ಹೋಗಿ, ಬಂಡೆಯ ಮರೆಯಲ್ಲಿ ಮುಗಿಸಿಕೊಂಡು ಬರುತ್ತೇನೆ.

ಚಿಗರಿಯ ಸಮಸ್ಯೆಯನ್ನು ಬಹಳ ಜನ ಸಮಸ್ಯೆಯೆಂದೇ ಎಣಿಸುವುದಿಲ್ಲ. ರಿಮೋಟ್ ಕಾರಿನ ಹಿಂದೆ ನಾಯಿ ಓಡುವ ವಿಡಿಯೊಗಳು ಎಲ್ಲೆಡೆ ಇವೆ, ನೋಡಿದವರು ನಗುತ್ತಾರೆ, ನಾಯಿಗೆ ವ್ಯಾಯಾಮವಾಯಿತು ಎನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಊರುಗಳಲ್ಲಿ ನಾಯಿಗಳು ಬೈಕನ್ನು ಅಟ್ಟಿಸಿಕೊಂಡು ಹೋಗುವುದರಿಂದ ಸವಾರರು ಬೀಳುತ್ತಾರೆ, ಕೈಕಾಲು ಮುರಿದುಕೊಳ್ಳುತ್ತಾರೆ, ನಾಯಿಗಳೂ ಸಾಯುತ್ತವೆ. ಉರುಳುವ ಚಕ್ರ ಕಂಡರೆ ಬೆನ್ನಟ್ಟು ಎಂದು ಮನೆಯಲ್ಲೇ ಕಲಿಸಿ ಅದನ್ನು ರಸ್ತೆಗೆ ಕರೆದೊಯ್ಯುವುದು ಘೋರ. ಚಿಗರಿ ಮುನ್ನುಗ್ಗಿದ ಕೂಡಲೇ ನನ್ನ ಕಾರು ನಿಲ್ಲುತ್ತದೆ. ನಿಂತ ಕಾರಿನಲ್ಲಿ ಅವಳಿಗೆ ಆಸಕ್ತಿಯಿಲ್ಲ. ಅವಳು ತಿರುಗಿ ನನ್ನ ಮುಖ ನೋಡಿದರೆ ತಿಂಡಿ ಸಿಗುತ್ತದೆ, ಕಾರು ಮತ್ತೆ ಹೊರಡುತ್ತದೆ. ಇದನ್ನು ಸಾವಿರ ಸಲ ಮಾಡಬೇಕಾದರೂ ಬೇಸರವಿಲ್ಲದೆ ಮಾಡಬಹುದು, ಏಕೆಂದರೆ ಕ್ರಾಲರ್ ಹೇಗಿದ್ದರೂ ನಿಂತು ನಿಂತು ಹೋಗುವ ಕಾರು. ಈಗ ಅವಳು ಉದ್ದ ಹಗ್ಗದ ತುದಿಯಲ್ಲಿ, ಎದೆಪಟ್ಟಿ ಹಾಕಿಕೊಂಡು, ತನ್ನ ಪಾಡಿಗೆ ಬಿರುಕುಗಳನ್ನು ಮೂಸುತ್ತ ಬರುತ್ತಾಳೆ. ಕಾರು ಒಂದು ಕಲ್ಲು ದಾಟುವಷ್ಟರಲ್ಲಿ ಅವಳು ಒಂದು ಪೊದೆಯನ್ನು ಪೂರ್ತಿ ಓದಿ ಮುಗಿಸಿರುತ್ತಾಳೆ. ಕಾರನ್ನು ನಾಯಿಯ ಕಡೆಗೆ ಎಂದೂ ಓಡಿಸುವುದಿಲ್ಲ; ಯಾವಾಗಲೂ ದೂರಕ್ಕೆ, ಇಲ್ಲವೇ ಪಕ್ಕಕ್ಕೆ.

ಮನೆಯೊಳಗಿನ ಅಪಾಯಗಳನ್ನೂ ಹೇಳಬೇಕು. ಕಾರಿಗೆ ಹಾಕುವ ಲಿಪೊ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿಯ ಹೊದಿಕೆ ಎಷ್ಟು ತೆಳುವೆಂದರೆ ನಾಯಿಯ ಕೋರೆಹಲ್ಲು ಸಲೀಸಾಗಿ ತೂರುತ್ತದೆ. ತೂರಿದರೆ ಹೊಗೆ, ಆಮೇಲೆ ನೀರಿಗೂ ಸುಲಭವಾಗಿ ಆರದ ಬೆಂಕಿ. ನಮ್ಮ ಮನೆಯಲ್ಲಿ ಬ್ಯಾಟರಿಗಳು ಉಕ್ಕಿನ ಡಬ್ಬಿಯಲ್ಲಿ, ಎತ್ತರದ ಕಪಾಟಿನಲ್ಲಿ ಇರುತ್ತವೆ. ಆಡದ ದಿನಗಳಲ್ಲಿ ಒಂದೊಂದು ಕೋಶವನ್ನೂ 3.8 ವೋಲ್ಟಿನ ಆಸುಪಾಸಿನಲ್ಲಿ ಇಡುತ್ತೇನೆ. ಕಾರಿನ ಮೇಲ್ಹೊದಿಕೆ ಹಿಡಿದಿಡುವ ಸಣ್ಣ ಪಿನ್ನುಗಳು ನೆಲಕ್ಕೆ ಬಿದ್ದರೆ ಸಿಗುವವರೆಗೆ ಹುಡುಕುತ್ತೇನೆ. ಹಿತ್ತಾಳೆಯಲ್ಲಿ ಸತುವಿದೆ, ಚಕ್ರಕ್ಕೆ ಅಂಟಿಸುವ ಕೆಲವು ತೂಕಗಳಲ್ಲಿ ಸೀಸವಿದೆ. ನುಂಗಿದ ನಾಯಿಗೆ ಎರಡೂ ವಿಷ.

ಹೊರಗಿನ ಅಪಾಯವೆಂದರೆ ಬಿಸಿಲು. ಗ್ರಾನೈಟ್ ಬೇಗ ಕಾಯುತ್ತದೆ, ಬೇಗ ಆರುವುದಿಲ್ಲ. ಅಂಗೈಯನ್ನು ಬಂಡೆಯ ಮೇಲೆ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಆಗದು. ಬೆಳಗಿನ ಒಂಬತ್ತಕ್ಕೆ ನಾವು ಗಂಟುಮೂಟೆ ಕಟ್ಟುತ್ತೇವೆ. ಮನೆಗೆ ಬಂದು ಮೊದಲು ತೊಳೆಯುವುದು ಕಾರನ್ನಲ್ಲ. ನಾಯಿಯ ಬೆರಳುಗಳ ಸಂದು, ಕಿವಿಯ ಒಳಮಡಿಕೆ, ಕಂಕುಳು, ಎಲ್ಲ ಕಡೆ ರಕ್ತ ಹೀರುವ ಉಣ್ಣಿಗಳನ್ನು ಹುಡುಕಬೇಕು. ಅವುಗಳಿಂದ ಹರಡುವ ಎರ್ಲಿಕಿಯ, ಬಬೇಸಿಯ ಜ್ವರಗಳು ನಮ್ಮ ಕಡೆ ಸಾಮಾನ್ಯ. ಊಟ ಬಿಟ್ಟು ಮಂಕಾಗಿ ಮಲಗಿದ ನಾಯಿಯನ್ನು ನಾಳೆ ನೋಡೋಣ ಎನ್ನದೆ ಅವತ್ತೇ ಪಶುವೈದ್ಯರ ಬಳಿ ಕರೆದೊಯ್ಯಿರಿ.

ಹೊಲದ ಬಳಿ ಅಲ್ಲಿನ ನಾಯಿಗಳೂ ಇರುತ್ತವೆ. ಅದು ಅವುಗಳ ಜಾಗ. ಬೊಗಳಿದರೆ ನಾವು ದೂರ ಸರಿಯುತ್ತೇವೆ. ಯಾವ ನಾಯಿಯೇ ಕಚ್ಚಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ, ಅದಕ್ಕೆ ಮೊದಲು ಲಸಿಕೆ ಹಾಕಿಸಿಕೊಂಡರೆ ತಡೆಯಬಹುದು. ನಾಯಿಗಳನ್ನು ಪ್ರೀತಿಸುವವರೇ ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಬೇಕು.

2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳಿಂದ ಬೀದಿನಾಯಿಗಳ ಚರ್ಚೆ ದೇಶವನ್ನೆಲ್ಲ ಆವರಿಸಿತು. ಆಗಸ್ಟ್ 22ರ ಆದೇಶದಲ್ಲಿ ಒಂದು ಮಾತಿದೆ: ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಕೊಟ್ಟು ಬೀದಿನಾಯಿಯನ್ನು ದತ್ತು ಪಡೆಯಬಹುದು, ಪಡೆದ ಮೇಲೆ ಅದನ್ನು ಮತ್ತೆ ಬೀದಿಗೆ ಬಿಡುವಂತಿಲ್ಲ. ಈ ಎರಡನೆಯ ಭಾಗವೇ ನನಗೆ ಮುಖ್ಯ. ಬೆಂಗಳೂರಿನಲ್ಲಿ 2023ರ ಸಮೀಕ್ಷೆಯಂತೆ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಇಷ್ಟನ್ನೂ ಯಾರೂ ಮನೆಗೆ ತರಲಾರರು. ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ ಬಿಟ್ಟರೆ ಬೇರೆ ದಾರಿಯಿಲ್ಲ. ಆದರೆ ಒಂದು ನಾಯಿಯನ್ನು ತರಬಲ್ಲವರು ಈ ಸಭೆಯಲ್ಲೇ ಹಲವರಿದ್ದೀರಿ. ತರುವುದಾದರೆ ಆಶ್ರಯಧಾಮದಲ್ಲಿ ಮರಿಯನ್ನೇ ಕೇಳಬೇಡಿ. ವಯಸ್ಸಾದದ್ದು, ಕಪ್ಪು ಬಣ್ಣದ್ದು, ಮೂರು ಕಾಲಿನದು, ಮೂಲೆಯಲ್ಲಿ ಮುದುಡಿ ಕೂತದ್ದು ಯಾವುದಿದೆ ಎಂದು ಕೇಳಿ. ಮೊದಲ ಕೆಲವು ವಾರ ಅದರಿಂದ ಏನನ್ನೂ ಬಯಸಬೇಡಿ. ನೆಂಟರನ್ನು ಕರೆದು ತೋರಿಸಬೇಡಿ. ನಿಮ್ಮ ಹವ್ಯಾಸದ ಫೋಟೊಗಳಿಗೆ ಅದನ್ನು ಪಕ್ಕದಲ್ಲಿ ನಿಲ್ಲಿಸಬೇಡಿ. ಬೆಲೆಬಾಳುವ ಕಾರು, ಅದರ ಪಕ್ಕದಲ್ಲಿ ಬಾಲ ಒಳಸೇರಿಸಿದ ನಾಯಿ ಇರುವ ಚಿತ್ರಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೆಂಚ, ಚಿಗರಿಯರನ್ನು ಇಂದು ಕರೆತಂದಿಲ್ಲ. ಇಷ್ಟು ಜನ, ಈ ಮೈಕು ಕೆಂಚನಿಗೆ ಆಗುವುದಿಲ್ಲ. ಎರಡು ಕಾರುಗಳನ್ನು ಮಾತ್ರ ತಂದಿದ್ದೇನೆ: ಹತ್ತನೇ ಒಂದು ಅಳತೆಯದು, ಮತ್ತು ಅಂಗೈಯಗಲದ ಇಪ್ಪತ್ತನಾಲ್ಕನೇ ಒಂದು ಅಳತೆಯದು. ಚಿಕ್ಕದಕ್ಕೆ ತಾರಸಿಯ ಮೇಲಿನ ನಾಲ್ಕು ಇಟ್ಟಿಗೆಗಳೇ ಸಾಕು; ಹೊಸದಾಗಿ ಶುರುಮಾಡುವವರು ಅಲ್ಲಿಂದ ಶುರುಮಾಡಿ. ಪ್ರಶ್ನೆಗಳನ್ನು ಕೇಳಿ. ಆಮೇಲೆ ಸಭಾಂಗಣದ ಹಿಂದಿನ ಕಲ್ಲುಚಪ್ಪಡಿಗಳ ಮೇಲೆ ಒಬ್ಬೊಬ್ಬರಾಗಿ ಓಡಿಸಿ ನೋಡಬಹುದು, ಮಕ್ಕಳಿಗೆ ಮೊದಲ ಸರದಿ.