40 ಕಾರು, 4 ಜಾಗ: ನಾಸ್ಕಾರ್ ರೇಸಿಗೆ ಯಾರಿಗೆ ಪ್ರವೇಶ?

[ಪರದೆ: ಸಾಲುಗಟ್ಟಿ ನಿಂತ ಹಳೆಯ ಕಾಲದ ಕಾರುಗಳು]

1950ರ ಸೆಪ್ಟೆಂಬರ್. ಅಮೆರಿಕದ ಸೌತ್ ಕ್ಯಾರೊಲಿನಾದ ಡಾರ್ಲಿಂಗ್ಟನ್ ಟ್ರ್ಯಾಕ್. ಮೊದಲ ಸದರ್ನ್ 500 ರೇಸ್. ಅವತ್ತು ಎಷ್ಟು ಕಾರು ಹೊರಟವು ಗೊತ್ತಾ? 75! ಸಾಲಿಗೆ 3ರಂತೆ 25 ಸಾಲು.

ನಾಸ್ಕಾರ್ ಅಂದರೆ ಅಮೆರಿಕದಲ್ಲಿ ಕಾರ್ ರೇಸ್ ನಡೆಸುವ ಸಂಸ್ಥೆ. ಅದರ ಅಗ್ರ ಸರಣಿಯಾದ ಕಪ್‌ನಲ್ಲಿ ಇವತ್ತು ಒಂದು ರೇಸಿಗೆ ಮಿತಿ 40 ಕಾರು.

ಮೊದಲು ಜಾಗದ ಮಾತು. ಡೇಟೋನಾ ಟ್ರ್ಯಾಕ್‌ನಲ್ಲಿ ಒಂದು ಸುತ್ತು 2.5 ಮೈಲಿ. ಮಾರ್ಟಿನ್ಸ್‌ವಿಲ್‌ನಲ್ಲಿ ಅರ್ಧ ಮೈಲಿಗಿಂತ ಚೂರು ಜಾಸ್ತಿ, ಅಷ್ಟೇ. ಟೈರ್ ಬದಲಿಸಲು, ಪೆಟ್ರೋಲ್ ತುಂಬಲು ಪಿಟ್‌ನಲ್ಲೂ ಜಾಗ ಬೇಕಲ್ವಾ? ಹಾಗಾಗಿ ಹಿಂದೆ ಚಿಕ್ಕ ಟ್ರ್ಯಾಕಿಗೆ ಕಡಿಮೆ ಕಾರು ಬಿಡುತ್ತಿದ್ದರು. 1998ರಲ್ಲಿ ಎಲ್ಲ ಕಡೆ 43 ಅಂತ ಮಾಡಿದರು. 2016ರಲ್ಲಿ ಅದು 40ಕ್ಕೆ ಇಳಿಯಿತು.

ಅದೇ ವರ್ಷ ಚಾರ್ಟರ್ ಬಂತು. ರೈಲಿನಲ್ಲಿ ರಿಸರ್ವೇಶನ್ ಇದ್ದ ಹಾಗೆ. ಚಾರ್ಟರ್ ಇರುವ ಕಾರು ಎಷ್ಟೇ ನಿಧಾನವಾಗಿ ಓಡಲಿ, ರೇಸಿನಲ್ಲಿ ಜಾಗ ಖಾಯಂ. ಇಂಥವು 36. ಇವನ್ನು ತಂಡಗಳು ಕೋಟಿಗಟ್ಟಲೆ ಡಾಲರಿಗೆ ಕೊಂಡು ಮಾರುತ್ತವೆ. ಉಳಿಯೋದು 4. ಎಷ್ಟೋ ರೇಸ್‌ಗಳಲ್ಲಿ ಈ 4 ಭರ್ತಿ ಕೂಡ ಆಗುವುದಿಲ್ಲ.

[ಪರದೆ: ಡೇಟೋನಾ, ರಾತ್ರಿ ದೀಪಗಳು]

ಆದರೆ ಫೆಬ್ರುವರಿಯ ಡೇಟೋನಾ 500 ಬೇರೆಯದೇ ಕಥೆ. ನನಗಂತೂ ಮುಖ್ಯ ರೇಸಿಗಿಂತ ಅದರ ಹಿಂದಿನ ದಿನಗಳೇ ಇಷ್ಟ. ಚಾರ್ಟರ್ ಇಲ್ಲದವರಲ್ಲಿ ಇಬ್ಬರು, ಒಂಟಿಯಾಗಿ ಓಡಿಸಿದ ಸುತ್ತಿನ ವೇಗದ ಲೆಕ್ಕದಲ್ಲಿ ಒಳಗೆ ಬರುತ್ತಾರೆ. ಗುರುವಾರ ರಾತ್ರಿ ಡ್ಯುಯೆಲ್ ಅನ್ನುವ ಎರಡು ರೇಸ್ ಇರುತ್ತವೆ. ಒಂದೊಂದರಿಂದ ಒಬ್ಬರು. ಮಿಕ್ಕವರು ಕಾರನ್ನು ಲಾರಿಗೆ ಹತ್ತಿಸಿ ಮನೆಗೆ ಹೊರಡಬೇಕು. ತಿಂಗಳುಗಟ್ಟಲೆ ಮಾಡಿದ ಕೆಲಸ ಅಲ್ಲಿಗೇ ಮುಗಿಯಿತು.

2025ರಲ್ಲಿ ಈ ಸಾಲಿನಲ್ಲಿ ನಿಂತವರಲ್ಲಿ ಜಿಮ್ಮಿ ಜಾನ್ಸನ್ ಕೂಡ ಇದ್ದರು. 7 ಸಲ ಚಾಂಪಿಯನ್! ಅವರ ಕಾರಿಗೆ ಚಾರ್ಟರ್ ಇರಲಿಲ್ಲ. ಹಳೆಯ ಹೆಸರು ನೋಡಿ ಯಾರೂ ಜಾಗ ಕೊಡಲಿಲ್ಲ, ವೇಗ ತೋರಿಸಿಯೇ ಒಳಗೆ ಬಂದರು. ಚಾರ್ಟರ್ ಇಲ್ಲದ ಇನ್ನೊಬ್ಬ ಚಾಲಕ ಜಸ್ಟಿನ್ ಆಲ್ಗೈಯರ್ ಡ್ಯುಯೆಲ್‌ನಲ್ಲಿ ಓಡಿಸಿ ಜಾಗ ಗಿಟ್ಟಿಸಿದರು.

ಅದೇ ವರ್ಷ ಹೊಸ ನಿಯಮವೂ ಬಂತು. ಬೇರೆ ರೇಸಿಂಗ್‌ನಲ್ಲಿ ದೊಡ್ಡ ಹೆಸರು ಮಾಡಿದವರಿಗೆ ಒಂದು ಹೆಚ್ಚುವರಿ ಜಾಗ. ಬ್ರೆಜಿಲ್‌ನ ಎಲಿಯೊ ಕ್ಯಾಸ್ಟ್ರೊನೆವೆಸ್‌ಗೆ ಅದು ಸಿಕ್ಕಿತು, ಒಟ್ಟು ಕಾರು 41 ಆಯಿತು. ಆ 4 ಜಾಗಕ್ಕೆ ಕೈ ಹಾಕಲಿಲ್ಲ. ಅದು ಸರಿಯಾದ ಕೆಲಸ ಅಂತ ನನ್ನ ಅನಿಸಿಕೆ.

ಭಾನುವಾರ ಏನಾಯಿತು ಗೊತ್ತಾ? ಆಲ್ಗೈಯರ್ 9ನೇ ಸ್ಥಾನ. ಜಾನ್ಸನ್ 3ನೇ ಸ್ಥಾನ.