ಒಪೆರಾ ನಿಲ್ಲಿಸಲು ಕೊಟ್ಟ 12 ಲಕ್ಷ ಡಾಲರ್, ಅದರಿಂದ ಹುಟ್ಟಿದ 'ನಾಟಿ ಮೇರಿಯೆಟಾ'

ನಮಸ್ಕಾರ. 1910ರ ಏಪ್ರಿಲ್. ನ್ಯೂಯಾರ್ಕ್‌ನಲ್ಲಿ ಒಬ್ಬರಿಗೆ ಸುಮಾರು 12 ಲಕ್ಷ ಡಾಲರ್ ಕೊಟ್ಟರು. ಯಾಕೆ ಗೊತ್ತಾ? ಇನ್ನು ಹತ್ತು ವರ್ಷ ನೀವು ಈ ಊರಲ್ಲಿ ಒಪೆರಾ, ಅಂದರೆ ಬಹುಪಾಲು ಹಾಡಿನಲ್ಲೇ ನಡೆಯುವ ನಾಟಕ, ಆಡಿಸಬಾರದು ಅಂತ! ಕೊಟ್ಟವರು ಆ ಊರಿನ ದೊಡ್ಡ ಒಪೆರಾ ಸಂಸ್ಥೆ ಮೆಟ್ರೊಪಾಲಿಟನ್ ಒಪೆರಾ ಕಡೆಯವರು. ತೆಗೆದುಕೊಂಡವರು ಆಸ್ಕರ್ ಹ್ಯಾಮರ್‌ಸ್ಟೈನ್.

ಅದೇ ವರ್ಷ ನವೆಂಬರ್‌ನಲ್ಲಿ ಹ್ಯಾಮರ್‌ಸ್ಟೈನ್ 'ನಾಟಿ ಮೇರಿಯೆಟಾ' ಅನ್ನುವ ಒಪೆರೆಟಾ ತಂದರು. ಇದರ ಹಾಡುಗಳನ್ನು ಅಮೆರಿಕದಲ್ಲಿ ತಲೆಮಾರುಗಟ್ಟಲೆ ಜನ ಗುನುಗಿದ್ದಾರೆ. ನಾಟಕ ಮಾತ್ರ ಇವತ್ತು ರಂಗದ ಮೇಲೆ ಬರುವುದು ಅಪರೂಪ. ಹಾಡು ಉಳಿಯಿತು, ನಾಟಕ ಯಾಕೆ ಹಿಂದೆ ಬಿತ್ತು? ಇವತ್ತು ಅದನ್ನೇ ನೋಡೋಣ.

[ಪರದೆ: ಹಳೆಯ ನ್ಯೂಯಾರ್ಕ್ ನಕ್ಷೆ]

ಮೊದಲು ಬೇಗ ಬೇಗ ಹಿನ್ನೆಲೆ. ಒಪೆರೆಟಾ ಅಂದರೆ ಒಪೆರಾಗಿಂತ ಹಗುರವಾದ ಹಾಡಿನ ನಾಟಕ, ನಡುನಡುವೆ ಮಾತೂ ಇರುತ್ತದೆ. ಸಂಗೀತ ವಿಕ್ಟರ್ ಹರ್ಬರ್ಟ್ ಅವರದು. ಕಥೆ, ಹಾಡಿನ ಸಾಹಿತ್ಯ ರೀಡಾ ಜಾನ್ಸನ್ ಯಂಗ್ ಅವರದು. ಆ ಕಾಲದ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕ್‌ನ ವೃತ್ತಿ ರಂಗಭೂಮಿಯಲ್ಲಿ, ಹೆಂಗಸೊಬ್ಬರು ಇಡೀ ಒಪೆರೆಟಾ ಬರೆಯುವುದು ಸಣ್ಣ ಮಾತಲ್ಲ, ಅವರ ಹೆಸರು ಇನ್ನೂ ಜಾಸ್ತಿ ಕೇಳಿಬರಬೇಕಿತ್ತು. ಕಥೆ 1780ರ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುತ್ತದೆ. ಮೇರಿಯೆಟಾ ಯುರೋಪಿನಿಂದ ತಪ್ಪಿಸಿಕೊಂಡು ಬಂದವಳು. ಹುಡುಗನ ವೇಷದಲ್ಲೂ ಓಡಾಡುತ್ತಾಳೆ. ಕಡಲ್ಗಳ್ಳನ ಬೆನ್ನು ಹತ್ತಿ ಬಂದ ಕ್ಯಾಪ್ಟನ್ ಡಿಕ್ ನಾಯಕ. ಆ ಕಡಲ್ಗಳ್ಳ ಯಾರು ಅಂದರೆ ಊರಿನ ಅಧಿಕಾರಿಯ ಮಗನೇ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರೋಣ. ಈ ನಾಟಕವನ್ನು ಹಾಡಿದವರು ಯಾರು?

ಹ್ಯಾಮರ್‌ಸ್ಟೈನ್ ಸಿಗಾರ್ ಮಾಡುವ ಯಂತ್ರಗಳಿಗೆ ಪೇಟೆಂಟ್ ತೆಗೆದುಕೊಂಡು ದುಡ್ಡು ಮಾಡಿದವರು. ಬಂದದ್ದನ್ನೆಲ್ಲ ಥಿಯೇಟರ್‌ಗೆ ಸುರಿದವರು. 1906ರಲ್ಲಿ ಮ್ಯಾನ್‌ಹಟನ್ ಒಪೆರಾ ಹೌಸ್ ಕಟ್ಟಿ ಮೆಟ್ರೊಪಾಲಿಟನ್‌ನವರ ನಿದ್ದೆ ಕೆಡಿಸಿದರು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಒಪೆರಾ ನಿಂತಿತು. ಆದರೆ ಅದರ ಗಾಯಕರು ಎಲ್ಲಿ ಹೋಗಬೇಕು? ಸೊಪ್ರಾನೊ (ಹೆಣ್ಣು ದನಿಗಳಲ್ಲಿ ಅತಿ ಎತ್ತರದ್ದು) ಎಮ್ಮಾ ಟ್ರೆಂಟಿನಿ, ಟೆನರ್ (ಎತ್ತರದ ಗಂಡು ದನಿ) ಆರ್ವಿಲ್ ಹ್ಯಾರಲ್ಡ್, ಆರ್ಕೆಸ್ಟ್ರಾ ನಡೆಸುವ ಗೇಟಾನೊ ಮೆರೋಲಾ, ಎಲ್ಲರೂ ಹ್ಯಾಮರ್‌ಸ್ಟೈನ್ ಜೊತೆ ಒಪೆರೆಟಾಕ್ಕೆ ಬಂದರು. ಒಪ್ಪಂದ ತಡೆದದ್ದು ಗ್ರ್ಯಾಂಡ್ ಒಪೆರಾವನ್ನು, ಅಂದರೆ ಗಂಭೀರವಾದ ದೊಡ್ಡ ಒಪೆರಾವನ್ನು, ಒಪೆರೆಟಾವನ್ನಲ್ಲ.

ಹರ್ಬರ್ಟ್‌ಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು? ಸಾಮಾನ್ಯ ಬ್ರಾಡ್‌ವೇ ಗಾಯಕರಿಗಾಗಿ ಹಿಡಿತದಲ್ಲಿ ಬರೆಯಬೇಕಾಗಿದ್ದ ಕಡೆ, ಈಗ ಒಪೆರಾ ಕಂಠಗಳೇ ಮುಂದೆ ನಿಂತಿವೆ. ಕೈಬಿಚ್ಚಿ ಬರೆದರು.

[ಪರದೆ: 'ಇಟಾಲಿಯನ್ ಸ್ಟ್ರೀಟ್ ಸಾಂಗ್' ಸ್ವರಲಿಪಿ]

ಈ ಹಾಡು ನೋಡಿ. ಕೋರಸ್‌ನವರೆಲ್ಲ ಝಿಂಗ್ ಝಿಂಗ್, ಬೂಮ್ ಬೂಮ್ ಅಂತ ಗಟ್ಟಿಯಾಗಿ ಹಾಡುತ್ತಿರುತ್ತಾರೆ. ಅವರೆಲ್ಲರ ಮೇಲೆ ನಾಯಕಿಯ ದನಿ ಒಂದೇ ಏರಬೇಕು, ಕೊನೆಗೆ ಹೈ ಸಿ ಅನ್ನುವ ತುಂಬಾ ಎತ್ತರದ ಸ್ವರ ಮುಟ್ಟಬೇಕು. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು. ವಾರಕ್ಕೆ ಎಷ್ಟು ಪ್ರದರ್ಶನವೋ ಅಷ್ಟು ಸಲ!

ನಮ್ಮ ಕಂಪನಿ ನಾಟಕಗಳಲ್ಲಿ ಪ್ರೇಕ್ಷಕರು 'ಒನ್ಸ್ ಮೋರ್' ಅಂತ ಕೂಗಿದರೆ ಸತ್ತ ಪಾತ್ರವೂ ಎದ್ದು ಹಾಡಬೇಕು ಅಂತ ಹಿರಿಯರು ಹೇಳುತ್ತಾರಲ್ವಾ? ಅಲ್ಲೂ ಅದೇ ಪದ್ಧತಿ. ಒಂದು ವಿಶೇಷ ಪ್ರದರ್ಶನದಲ್ಲಿ ಸ್ವತಃ ಹರ್ಬರ್ಟ್ ಆರ್ಕೆಸ್ಟ್ರಾ ನಡೆಸುತ್ತಿದ್ದರು. ಈ ಹಾಡು ಮುಗಿಯಿತು. ಇನ್ನೊಮ್ಮೆ ಬೇಕು ಅಂತ ಜನ ಕೇಳಿದರು. ಟ್ರೆಂಟಿನಿ ಹಾಡಲಿಲ್ಲ. ಹರ್ಬರ್ಟ್ ಸಿಟ್ಟಿಗೆದ್ದು ಆರ್ಕೆಸ್ಟ್ರಾ ಬಿಟ್ಟು ಹೊರಟೇ ಹೋದರು. ಇನ್ನು ಮುಂದೆ ಈಕೆಗೆ ಒಂದು ಸ್ವರವನ್ನೂ ಬರೆಯಲ್ಲ ಅಂದುಬಿಟ್ಟರು.

ಇದರಲ್ಲಿ ನಾನು ಟ್ರೆಂಟಿನಿ ಪಕ್ಷ. ಆ ಹಾಡನ್ನು ಒಮ್ಮೆ ಹಾಡಿದ ಗಂಟಲಿಗೆ ಬೇಡ ಅನ್ನುವ ಹಕ್ಕು ಇದ್ದೇ ಇದೆ.

ಆದರೆ ಈ ಜಗಳದಿಂದ ಆದದ್ದೇನು ನೋಡಿ. ಟ್ರೆಂಟಿನಿಗಾಗಿ ಮುಂದಿನ ನಾಟಕ ತಯಾರಾಗಬೇಕಿತ್ತು, ಸಂಗೀತಗಾರರೇ ಇಲ್ಲ. ನಿರ್ಮಾಪಕ, ಹ್ಯಾಮರ್‌ಸ್ಟೈನ್ ಮಗ ಆರ್ಥರ್, ಹುಡುಕಿ ಹುಡುಕಿ ಕೊನೆಗೆ ಪ್ರಾಗ್‌ನಿಂದ ಬಂದಿದ್ದ ಪಿಯಾನೊ ವಾದಕ ರುಡಾಲ್ಫ್ ಫ್ರಿಮ್ಲ್ ಅವರನ್ನು ಹಿಡಿದರು. ನಾಟಕ ಸಂಗೀತದಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಹೆಸರು. 1912ರ ಡಿಸೆಂಬರ್‌ನಲ್ಲಿ 'ದಿ ಫೈರ್‌ಫ್ಲೈ' ಬಂತು, ಗೆದ್ದಿತು. ಮುಂದೆ 1924ರಲ್ಲಿ 'ರೋಸ್ ಮೇರಿ' ಮಾಡಿದ್ದೂ ಇದೇ ಫ್ರಿಮ್ಲ್. ಅದನ್ನು ಬರೆದವರಲ್ಲಿ ಒಬ್ಬರು ಹ್ಯಾಮರ್‌ಸ್ಟೈನ್ ಮೊಮ್ಮಗ, ಎರಡನೇ ಆಸ್ಕರ್. ಒಂದು ಹಾಡನ್ನು ಎರಡನೇ ಸಲ ಹಾಡದೆ ಹೋದದ್ದಕ್ಕೆ ಒಬ್ಬ ಸಂಗೀತಗಾರರಿಗೆ ಬಾಗಿಲು ತೆರೆಯಿತು!

[ಪರದೆ: ಟೈಮ್ಸ್ ಸ್ಕ್ವೇರ್, ಹಳೆಯ ಚಿತ್ರ]

ಸರಿ, ಮೇರಿಯೆಟಾಗೆ ವಾಪಸ್ ಬರೋಣ. ಮೊದಲ ಪ್ರದರ್ಶನ ಸಿರಾಕ್ಯೂಸ್ ಊರಿನಲ್ಲಿ, ಅಕ್ಟೋಬರ್ 24ಕ್ಕೆ. ನವೆಂಬರ್ 7ಕ್ಕೆ ನ್ಯೂಯಾರ್ಕ್ ಥಿಯೇಟರ್. ಈ ಕಟ್ಟಡವನ್ನು 1895ರಲ್ಲಿ ಒಲಿಂಪಿಯಾ ಅನ್ನುವ ಹೆಸರಲ್ಲಿ ಕಟ್ಟಿಸಿದ್ದು ಹ್ಯಾಮರ್‌ಸ್ಟೈನೇ. ಸಾಲಕ್ಕೆ ಸಿಕ್ಕಿ 1898ರಲ್ಲಿ ಹರಾಜಾಗಿತ್ತು. ಕೈತಪ್ಪಿದ ಮನೆಯಲ್ಲೇ ಈ ಮನುಷ್ಯ ಮತ್ತೆ ಬಂದು ನಾಟಕ ಆಡಿಸಿದರು. ಅಲ್ಲಿ 136 ಪ್ರದರ್ಶನ ಆಯಿತು.

ಇನ್ನೊಂದು ಚಂದದ ಸಂಗತಿ. ಮೇರಿಯೆಟಾ ಕನಸಿನಲ್ಲಿ ಒಂದು ರಾಗದ ಅರ್ಧ ಮಾತ್ರ ಕೇಳಿದ್ದಾಳೆ. ಅದನ್ನು ಯಾರು ಪೂರ್ತಿ ಹಾಡುತ್ತಾರೋ ಅವನೇ ತನ್ನ ಗಂಡು ಅನ್ನುತ್ತಾಳೆ. ನಾಟಕದ ಉದ್ದಕ್ಕೂ ಆ ತುಣುಕು ಮತ್ತೆ ಮತ್ತೆ ಕೇಳುತ್ತದೆ, ಮುಗಿಯುವುದೇ ಇಲ್ಲ. ಕೊನೆಯಲ್ಲಿ ಡಿಕ್ ಹಾಡಿ ಮುಗಿಸುತ್ತಾನೆ. ಅದೇ 'ಆ! ಸ್ವೀಟ್ ಮಿಸ್ಟರಿ ಆಫ್ ಲೈಫ್'. ಬಿಡಿ ಹಾಡಾಗಿ ಕೇಳಿದರೆ ಬರೀ ಪ್ರೇಮಗೀತೆ. ನಾಟಕದೊಳಗೆ ಕೇಳಿದರೆ ಎರಡು ಗಂಟೆ ಕಾದಿದ್ದಕ್ಕೆ ಸಿಕ್ಕ ಉತ್ತರ.

ಸಮಯ ಆಗುತ್ತಿದೆ, ಮುಂದಿನದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. 1929 ಮತ್ತು 1931ರಲ್ಲಿ ಬ್ರಾಡ್‌ವೇಗೆ ಮತ್ತೆ ಬಂತು. 1935ರಲ್ಲಿ ಜೆನೆಟ್ ಮೆಕ್‌ಡೊನಾಲ್ಡ್, ನೆಲ್ಸನ್ ಎಡ್ಡಿ ಜೋಡಿಯ ಸಿನಿಮಾ ಆಯಿತು, ಕಥೆ ಸಾಕಷ್ಟು ಬದಲಾಯಿತು. ಆಮೇಲೆ ಜನರ ತಲೆಯಲ್ಲಿ ಕೂತದ್ದು ಸಿನಿಮಾದ ಮೇರಿಯೆಟಾ. ನಾಟಕ ಮೊದಲು ನಡೆದ ಆ ಥಿಯೇಟರನ್ನು ಕೆಡವಿದ್ದೂ ಅದೇ 1935ರಲ್ಲಿ. 1955ರಲ್ಲಿ ಟಿವಿಗೆ ಬಂತು, 1978ರಲ್ಲಿ ನ್ಯೂಯಾರ್ಕ್ ಸಿಟಿ ಒಪೆರಾ ಆಡಿತು.

ಹಾಗಾದರೆ ಮತ್ತೆ ಮತ್ತೆ ಯಾಕೆ ಆಡಲ್ಲ? ನನ್ನ ಪ್ರಕಾರ ಎರಡು ಕಾರಣ. ಹಾಡುಗಳಿಗೆ ಒಪೆರಾ ಗಾಯಕರೇ ಬೇಕು, ಮಾಮೂಲಿ ನಾಟಕ ತಂಡಕ್ಕೆ ಅದು ಎಟುಕಲ್ಲ. ಒಪೆರಾ ಕಂಪನಿಗೆ ಆ ಕಂಠ ಇದೆ, ಆದರೆ ಕಥೆ ಹಳತಾಗಿದೆ. ಅದಾ ಅನ್ನುವ ಗುಲಾಮ ಹೆಣ್ಣಿನ ಪಾತ್ರವಿದೆ. ಅವಳನ್ನು ಪ್ರೀತಿಸಿದವನೇ ನೃತ್ಯಕೂಟದ ನಡುವೆ ಹರಾಜಿಗೆ ನಿಲ್ಲಿಸುತ್ತಾನೆ. ಡಿಕ್ ಕೊಂಡು ಬಿಡುಗಡೆ ಮಾಡುತ್ತಾನೆ, ನಾಟಕ ಸಲೀಸಾಗಿ ಮುಂದೆ ಸಾಗುತ್ತದೆ. ಇವತ್ತು ಆ ದೃಶ್ಯವನ್ನು ಹಾಗೆ ದಾಟಿಹೋಗಲು ಆಗುವುದಿಲ್ಲ, ಆಗಲೂಬಾರದು. ಅದಾ ಹಾಡುವ ''ನೀತ್ ದ ಸದರ್ನ್ ಮೂನ್' ಮಾತ್ರ ಇಡೀ ನಾಟಕದಲ್ಲಿ ನನಗೆ ಅತಿ ಹೆಚ್ಚು ತಟ್ಟುವ ಹಾಡು. ಮೊದಲು ಅದನ್ನು ಕೇಳಿ, ಆಮೇಲೆ ಹೈ ಸಿ ಇರುವ ಆ ಹಾಡು. ಯಾವುದು ಹಿಡಿಸಿತು ಅಂತ ಕೆಳಗೆ ಬರೆಯಿರಿ. ಮುಂದಿನ ವಾರ ಫ್ರಿಮ್ಲ್ ಬಗ್ಗೆ ಮಾತಾಡೋಣ.