ಬಣ್ಣ ಬಿಡಿ, ಬಾಗಿಲು ಎಣಿಸಿ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸ್ತಿದೆಯಾ? ಸರಿ.

ಕಳೆದ ತಿಂಗಳು ನಮ್ಮ ಮಾಡೆಲ್ ಪ್ರದರ್ಶನದಲ್ಲಿ ಮೆರೂನ್ ಬಣ್ಣದ ಒಂದು ಬೋಗಿಯ ಮುಂದೆ 'ಬ್ರಿಟಿಷ್ ರೈಲ್ವೇಸ್ ಮಾರ್ಕ್ 1' ಅಂತ ಚೀಟಿ ಇತ್ತು. ಅದು ಮಾರ್ಕ್ 2. ಬ್ರಿಟನ್ನಿನ ಪ್ರಯಾಣಿಕರ ಬೋಗಿಗಳ ಎರಡು ತಲೆಮಾರು ಇವು, 1 ಹಳೇದು, 2 ಅದರ ನಂತರದ್ದು. ಚೀಟಿ ಅಂಟಿಸಿದವರು ಇಲ್ಲೇ ಕೂತಿದ್ದಾರೆ. ಹೆಸರು ಹೇಳಲ್ಲ, ಅವರ ಮನೆಯ ಕಾಫಿ ಕುಡಿದಿದ್ದೇನೆ. ಕೇಳಿದ್ದಕ್ಕೆ, "ಮೆರೂನ್ ಇದೆಯಲ್ಲ ಸಾರ್, ಹಳೇದೇ ಇರಬೇಕು" ಅಂದರು. ಆ ಒಂದು ಮಾತಿಗಾಗಿ ಇವತ್ತು ಮೈಕ್ ಹಿಡಿದಿದ್ದೇನೆ.

ಬಣ್ಣ ಅನ್ನೋದು ಅಂಗಿ ಇದ್ದ ಹಾಗೆ. 1951ರಲ್ಲಿ ಬಂದ ಮಾರ್ಕ್ 1 ಮೊದಲು ಕೆಂಪು-ಕೆನೆ ಬಣ್ಣದಲ್ಲಿ ಓಡಿತು. ಅಲ್ಲಿನವರು ಅದನ್ನು 'ರಕ್ತ ಮತ್ತು ಕಸ್ಟರ್ಡ್' ಅಂತ ಗೇಲಿ ಮಾಡುತ್ತಿದ್ದರು. 1956ರಿಂದ ಮೆರೂನ್, 1965ರಿಂದ ನೀಲಿ-ಬೂದು. ಒಂದೇ ಬೋಗಿ ಮೂರೂ ಅಂಗಿ ತೊಟ್ಟದ್ದುಂಟು. ಈಗ ಪಾರಂಪರಿಕ ರೈಲುಗಳನ್ನು ಓಡಿಸುವವರು ಕೈಗೆ ಸಿಕ್ಕಿದ್ದಕ್ಕೆ ಮನಸ್ಸಿಗೆ ಬಂದದ್ದನ್ನು ಬಳಿಯುತ್ತಾರೆ.

ನನಗೂ ಇದು ಗೊತ್ತಿರಲಿಲ್ಲ. ಕಲಿತದ್ದು ಅವಮಾನವಾದ ಮೇಲೆ. ಇಂಗ್ಲೆಂಡಿನಲ್ಲಿ ಅಂಥ ಒಂದು ಹಳೇ ಮಾರ್ಗದಲ್ಲಿ ಹೋಗುತ್ತಿದ್ದೆ. ನನ್ನ ಸ್ಟೇಷನ್ ಬಂತು. ಬಾಗಿಲ ಹತ್ತಿರ ಹೋಗಿ ಒಳಗಡೆ ಹಿಡಿಕೆ ಹುಡುಕುತ್ತೇನೆ, ಇಲ್ಲ! ತಳ್ಳಿದೆ. ಎಳೆದೆ. ಕಾಲಿನಿಂದಲೂ ಒಂದು ಕೊಟ್ಟೆ, ನಮ್ಮೂರಿನ ಪ್ಯಾಸೆಂಜರ್ ಗಾಡಿಯ ಅಭ್ಯಾಸ. ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಗಾರ್ಡ್ ಅಜ್ಜ ನೋಡುತ್ತಲೇ ಇದ್ದರು. ಆಮೇಲೆ ಬಂದು ಗಾಜು ತಟ್ಟಿ, ಕೆಳಗೆ ಇಳಿಸಿ ಅಂತ ಸನ್ನೆ ಮಾಡಿದರು. ಇಳಿಸಿದೆ. ನನ್ನ ಕೈ ಹಿಡಿದು ಹೊರಗೆಳೆದು, ಹೊರಬದಿಯ ಹಿಡಿಕೆಯ ಮೇಲೆ ಇಟ್ಟರು. ಕಿಟಕಿಯಿಂದ ಕೈ ಚಾಚಿ ಹೊರಗಿನ ಹಿಡಿಕೆ ತಿರುಗಿಸಬೇಕು, ಅಷ್ಟೇ ಉಪಾಯ. ನನ್ನ ಹಿಂದೆ ಕಾಯುತ್ತಿದ್ದ ಪುಟ್ಟ ಹುಡುಗಿಗೆ ಅದು ಗೊತ್ತಿತ್ತು ಅನ್ನೋದು ಬೇರೆ ಮಾತು.

ಅಜ್ಜ ಅಷ್ಟಕ್ಕೆ ಬಿಡಲಿಲ್ಲ. "ಇದು ಯಾವ ಬೋಗಿ?" ಅಂದರು. ಮೆರೂನ್ ನೋಡಿ ಮಾರ್ಕ್ 1 ಅಂದೆ. "ಬಾಗಿಲು ಎಣಿಸಿ." ಎರಡು ತುದಿಗೆ ಒಂದೊಂದು, ನಡುವೆ ಒಂದು, ಒಟ್ಟು ಮೂರು. "ಪಕ್ಕದ್ದು?" ಎರಡೇ. ಆ ಎರಡನೆಯದರ ತುದಿ ಬಾಗಿಲಿನ ಅಂಚಿನ ಮೇಲೆ ಕೈ ಸವರಲು ಹೇಳಿದರು. ತಗಡು ನೇರ ಹೋಗಿ ಒಂದು ಕಡೆ ಒಳಕ್ಕೆ ಬಾಗಿತ್ತು. ಬೋಗಿಯ ಮೂಲೆಯ ಜೊತೆಗೆ ಬಾಗಿಲೂ ತಿರುಗಿಕೊಂಡಿತ್ತು. "ಇದು 2ಬಿ, ಮಾರ್ಕ್ 2ರ ಒಂದು ಒಳಜಾತಿ" ಅಂದರು. ಆಮೇಲೆ ಮೊದಲನೆಯದರ ಕೆಳಗೆ ಬಗ್ಗಿ ನೋಡಿಸಿದರು. "ತ್ರಾಸು ಇಲ್ಲ. ಅಂದರೆ ಇದೂ ಮಾರ್ಕ್ 1 ಅಲ್ಲ, 2ಎ."

ತ್ರಾಸು ಅಂದದ್ದು ತಕ್ಕಡಿಯಲ್ಲ ಮತ್ತೆ! ಇಂಗ್ಲಿಷಿನ ಟ್ರಸ್. ಮಾರ್ಕ್ 1ಕ್ಕೆ ಅಡಿಯ ಚೌಕಟ್ಟು ಬೇರೆ, ಮೇಲಿನ ಒಡಲು ಬೇರೆ. ಭಾರವೆಲ್ಲ ಚೌಕಟ್ಟಿನ ಮೇಲೆ, ಅದಕ್ಕೇ ಹೊಟ್ಟೆಯಡಿ ಕೋನಕಂಬಿಗಳ ಆಸರೆ. ಮಾರ್ಕ್ 2ರಲ್ಲಿ ಒಡಲೂ ಭಾರ ಹೊರುತ್ತದೆ, ಕಂಬಿ ಬೇಕಿಲ್ಲ. ಇಲ್ಲಿ ಸ್ವಲ್ಪ ಜಂಬ ಪಡೋಣ: ಚೆನ್ನೈ ಪೆರಂಬೂರಿನ ನಮ್ಮ ಬೋಗಿ ಕಾರ್ಖಾನೆ ಐಸಿಎಫ್, ಅಂದರೆ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ, 1955ರಲ್ಲೇ ಸ್ವಿಸ್ ವಿನ್ಯಾಸದ ಒಂದೇ ಒಡಲಿನ ಬೋಗಿ ಶುರು ಮಾಡಿತ್ತು. 'ಇಂಟೆಗ್ರಲ್' ಅಂತ ಹೆಸರಿನಲ್ಲೇ ಇದೆ. ಬ್ರಿಟನ್ನಿನ ಮೊದಲ ಮಾರ್ಕ್ 2 ಸ್ವಿಂಡನ್ನಿನಲ್ಲಿ ಹುಟ್ಟಿದ್ದು 1963ರಲ್ಲಿ.

ಮಾತಿಗೆ ಒಂದು ತೊಡಕಿದೆ. ನಾವು ಬೋಗಿ ಅನ್ನೋದು ಇಡೀ ಡಬ್ಬಕ್ಕೆ. ಅವರಿಗೆ ಬೋಗಿ ಅಂದರೆ ಅಡಿಯ ಗಾಲಿಗಳ ಜೋಡಣೆ ಮಾತ್ರ. ಅವರ ಆ ಬೋಗಿ ನೋಡಿಯೂ ಜಾತಿ ಹೇಳಬೇಡಿ. ಮಾರ್ಕ್ 2ರ ಬಿ4 ಗಾಲಿಜೋಡಣೆಯನ್ನು ಎಷ್ಟೋ ಮಾರ್ಕ್ 1ಗಳಿಗೂ ಹಾಕಿದ್ದಾರೆ. ಚಪ್ಪಲಿ ಬದಲಾಗುತ್ತೆ, ಅಂಗಿ ಬದಲಾಗುತ್ತೆ. ಬಾಗಿಲು ಬದಲಾಗಲ್ಲ.

ಸರಿ, ಒಳಜಾತಿಗಳು. ನಾನು ಹೇಳ್ತಿರೋದು ಎರಡನೇ ದರ್ಜೆಯ, ಕೋಣೆಗಳಿಲ್ಲದ, ನಡುದಾರಿಯ ಬೋಗಿ, ಟಿಎಸ್ಒ. ಮೊದಲ ಮಾರ್ಕ್ 2ಕ್ಕೆ ವ್ಯಾಕ್ಯೂಮ್ ಬ್ರೇಕು, 2ಎ ಇಂದ ಏರ್ ಬ್ರೇಕು. ಈ ಎರಡರಲ್ಲೂ ಶೌಚಾಲಯ ಎರಡೂ ಒಂದೇ ತುದಿಗೆ. 2ಬಿಯಲ್ಲಿ ನಡುಬಾಗಿಲು ಹೋಯಿತು, ಶೌಚಾಲಯ ತುದಿಗೊಂದಾಯಿತು. 2ಸಿಯಲ್ಲಿ ಒಳಚಾವಣಿ ತಗ್ಗಿಸಿದರು, ಎಸಿಯ ಕೊಳವೆಗೆ ಅಂತ. ಎಸಿ ಮಾತ್ರ ಬರಲೇ ಇಲ್ಲ! ಮದುವೆಗೆ ಚಪ್ಪರ ಹಾಕಿ ವರ ಬಾರದ ಕಥೆ. ವರ ಬಂದದ್ದು 2ಡಿಗೆ, 1971ರಲ್ಲಿ. ಅಲ್ಲಿಂದ ಕಿಟಕಿಯ ಮೇಲ್ಭಾಗದ ಜಾರುಗಾಜು ಇಲ್ಲ, ಪೂರ್ತಿ ಮುಚ್ಚಿದ ಗಾಜು. ದೂರದಿಂದಲೇ ಹೇಳಬಹುದು.

ಏನು, ಚೀಟಿ? ಐದು ನಿಮಿಷ... ಓ, ಎರಡೇ ನಿಮಿಷವಾ? ಹಾಗಾದರೆ 2ಇ ಮತ್ತು 2ಎಫ್ ಓಡಿಸಿಬಿಡ್ತೀನಿ. ಇ-ಯಲ್ಲಿ ಶೌಚಾಲಯ ಚಿಕ್ಕದು, ಎದುರಿಗೆ ಸಾಮಾನಿಡುವ ಜಾಗ. ಎಫ್‌ನ ಒಳಗೋಡೆ ಪ್ಲಾಸ್ಟಿಕ್ಕು, ಸೀಟು ಬೇರೆ. ಹೊರಗಿನಿಂದ ಡಿ, ಇ, ಎಫ್ ಈ ಮೂರನ್ನು ಬಿಡಿಸೋದು ಕಷ್ಟ, ಒಳಗೆ ಹತ್ತಿ. ನ್ಯೂಜಿಲೆಂಡಿಗೆ ಹೋಗಿ ಅಲ್ಲಿನ ಕಿರಿದಾದ ಹಳಿಗೆ ಗಾಲಿ ಬದಲಿಸಿಕೊಂಡ ಮಾರ್ಕ್ 2ಗಳ ಕಥೆ ಇಟ್ಟುಕೊಂಡಿದ್ದೆ, ಚಹಾ ಹೊತ್ತಿಗೆ ಸಿಗಿ.

ದಯವಿಟ್ಟು ಆ ದೀಪ ಆರಿಸಿ, ಕೊನೆಯ ಸ್ಲೈಡು. ಮತ್ತೆ ಮೆರೂನೇ. ಕಿಟಕಿಯ ಮೇಲೆ ಜಾರುಗಾಜು ಇದೆ, ಹೊಟ್ಟೆಯಡಿ ಕಂಬಿ ಕಾಣ್ತಿದೆ. ಕಳೆದ ತಿಂಗಳು ಚೀಟಿ ಅಂಟಿಸಿದವರೇ, ನೀವೇ ಹೇಳಿ ನೋಡೋಣ.